ಜರ್ಮನಿಗೆ ಚೆಂಬು ತಗೊಂಡು ಹೋಗಬಹುದಾ ಡಾಕ್ಟ್ರೇ?

ಪ್ರಶ್ನೆ: ನಾನು ಬ್ರಹ್ಮಾವರದ ಹತ್ತಿರದವಳು. ವಯಸ್ಸು 61. ಟೀಚರ್ ಆಗಿದ್ದೆ, ಕಳೆದ ವರ್ಷ ರಿಟೈರ್ ಆದೆ. ಮಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾಳೆ. ಸೆಪ್ಟೆಂಬರಿನಲ್ಲಿ ಎರಡು ತಿಂಗಳಿಗೆ ಅವಳಲ್ಲಿಗೆ ಹೋಗುತ್ತಿದ್ದೇನೆ. ಅಲ್ಲಿಂದ ಹತ್ತು ದಿನ ಬಸ್ಸಿನಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ಟೂರ್. ಎಲ್ಲರಿಗೂ ಖುಷಿ. ನನಗೆ ಮಾತ್ರ ಅಲ್ಲಿಯ ಪಾಯಿಖಾನೆಗಳದ್ದೇ ಚಿಂತೆ. ಎರಡು ವರ್ಷದ ಹಿಂದೆ ಕಾಶಿಗೆ ಹೋಗಿ ಬಂದ ಮೇಲೆ ಉರಿಮೂತ್ರ, ಚಳಿಜ್ವರ ಎಲ್ಲ ಆಗಿ ಐದು ದಿನ ಮಲಗಿದ್ದೆ. ಸೀಟಿನಿಂದಲೇ ತಾಗಿದ್ದು ಅಂತ ಎಲ್ಲರೂ ಹೇಳಿದರು. ಅಂದಿನಿಂದ ಹೊರಗಡೆ ಎಲ್ಲೂ ಸೀಟಿನ ಮೇಲೆ ಕೂತಿಲ್ಲ, ಅರ್ಧ ಬಗ್ಗಿ ಮುಗಿಸುತ್ತೇನೆ. ಪ್ರಯಾಣದ ದಿನ ಒಂದು ಲೋಟ ಚಹಾ ಬಿಟ್ಟರೆ ನೀರು ಮುಟ್ಟುವುದಿಲ್ಲ. ಶುಗರಿಗೆ, ಬಿಪಿಗೆ ಮಾತ್ರೆ ಇದೆ. ಮಂಡಿ ನೋವೂ ಇದೆ. ಅಲ್ಲಿ ನೀರಿಲ್ಲ, ಬರೀ ಕಾಗದ ಅಂತಾರೆ. ಒಂದಕ್ಕೆ ಹೋಗಲಿಕ್ಕೂ ದುಡ್ಡು ಕೊಡಬೇಕಂತೆ. ಚೆಂಬು ತಗೊಂಡು ಹೋಗಬಹುದಾ? ಬಸ್ಸು ನಿಲ್ಲಿಸಿ ಅಂತ ಎಲ್ಲರೆದುರು ಹೇಗೆ ಕೇಳುವುದು? ಮಗಳ ಹತ್ತಿರ ಕೇಳಲಿಕ್ಕೆ ನಾಚಿಕೆ.

ಉತ್ತರ: ತಗೊಂಡು ಹೋಗಬಹುದು ಟೀಚರೇ. ಚೆಂಬಿಗೆ ವೀಸಾ ಬೇಡ. ಆದರೆ ಚೆಂಬಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ದೊಡ್ಡ ವಿಷಯ ನಿಮ್ಮ ಪತ್ರದ ಮಧ್ಯದಲ್ಲಿ ಅಡಗಿ ಕೂತಿದೆ.

ಮಂಗಳೂರಿನಲ್ಲಿ ಹೆಂಗಸರ ಡಾಕ್ಟರಾಗಿ ನನಗೆ 26 ವರ್ಷ ಆಯಿತು. ಮಕ್ಕಳು ಗಲ್ಫಿನಲ್ಲಿ, ಅಮೆರಿಕದಲ್ಲಿ, ಜರ್ಮನಿಯಲ್ಲಿ ಇರುವ ಊರು ಇದು. ಹೊರಡುವ ಮೊದಲು ತಾಯಂದಿರು ‘ಸುಮ್ನೆ ಒಂದ್ಸಲ ಚೆಕ್ ಮಾಡಿ’ ಅಂತ ಬರುತ್ತಾರೆ. ಬಿಪಿ ನೋಡಿಸುತ್ತಾರೆ. ಮಂಡಿಗೆ ಮಾತ್ರೆ ಬರೆಸಿಕೊಳ್ಳುತ್ತಾರೆ. ಎದ್ದು ಬಾಗಿಲ ತನಕ ಹೋಗಿ, ಚಿಲಕದ ಮೇಲೆ ಕೈ ಇಟ್ಟುಕೊಂಡು, ದನಿ ತಗ್ಗಿಸಿ ಕೇಳುತ್ತಾರೆ: ‘ಅಲ್ಲಿ ಒಂದಕ್ಕೆ ಎರಡಕ್ಕೆ ಎಲ್ಲ ಹೇಗೆ ಡಾಕ್ಟ್ರೇ?’ ಬಂದದ್ದೇ ಅದನ್ನು ಕೇಳಲಿಕ್ಕೆ ಅಂತ ನನಗೆ ಆಗಲೇ ಗೊತ್ತಿರುತ್ತದೆ.

ಮೊದಲು ಕಾಶಿಯ ಕೇಸನ್ನು ಬಿಚ್ಚಿ ನೋಡೋಣ. ಚಳಿಜ್ವರ ಬಂದಿತ್ತು ಅಂದರೆ ಸೋಂಕು ಮೂತ್ರಕೋಶದಿಂದ ಮೇಲೆ ಕಿಡ್ನಿಯ ತನಕ ಹತ್ತಿತ್ತು ಅಂತ ನನ್ನ ಅಂದಾಜು. ಸಣ್ಣ ವಿಷಯ ಅಲ್ಲ. ಹಾಗಾಗಿ ನೀವು ಹೆದರಿದ್ದರಲ್ಲಿ ತಪ್ಪಿಲ್ಲ. ಹೆದರಿದ್ದು ಮಾತ್ರ ತಪ್ಪು ಜಾಗಕ್ಕೆ. ಸೀಟಿನ ಮೇಲೆ ಗುಮಾನಿ ಇಟ್ಟು ಅದನ್ನು ಬಿಟ್ಟಿರಿ. ನಿಜವಾದ ಕಳ್ಳರನ್ನು ಇಲ್ಲಿಯ ತನಕ ಜತೆಯಲ್ಲೇ ಕರೆದುಕೊಂಡು ತಿರುಗುತ್ತಿದ್ದೀರಿ.

ಉರಿಮೂತ್ರ ಬರಿಸುವ ಕ್ರಿಮಿ ಹೆಚ್ಚಿನ ಸಲ ಇ. ಕೋಲೈ. ಅದು ಬೇರೆಯವರದ್ದಲ್ಲ, ನಮ್ಮದೇ ಕರುಳಿನದ್ದು. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ. ಗಂಡಸರದ್ದು ಸುಮಾರು 20. ಮಲದ್ವಾರದಿಂದ ಮೂತ್ರದ ಬಾಗಿಲಿಗೆ ಹತ್ತಿರದ ದಾರಿ, ಅಲ್ಲಿಂದ ಒಳಗೆ 4 ಸೆಂಟಿಮೀಟರ್. ಕ್ರಿಮಿಗೆ ಇಷ್ಟೇ ಪ್ರಯಾಣ. ಸೀಟಿಗೆ ತಾಗುವುದು ನಿಮ್ಮ ತೊಡೆಯ ಹಿಂಭಾಗ. ಅಲ್ಲಿಯ ಚರ್ಮ ಗಟ್ಟಿ ಗೋಡೆ ಇದ್ದ ಹಾಗೆ, ಗಾಯ ಇಲ್ಲದಿದ್ದರೆ ಕ್ರಿಮಿ ಒಳಗೆ ನುಗ್ಗುವುದಿಲ್ಲ. ಮೂತ್ರದ ಬಾಗಿಲು ಸೀಟಿಗೆ ತಾಗುವುದೇ ಇಲ್ಲ. ಇನ್ನು ‘ಕೆಟ್ಟ ಕಾಯಿಲೆ’ ಅಂತ ಜನ ಪಿಸುಗುಡುವ ಗೊನೊರಿಯಾ, ಸಿಫಿಲಿಸ್‌ನಂಥವು. ಅವುಗಳ ಕ್ರಿಮಿ ಮೈಯಿಂದ ಹೊರಗೆ ಬಿದ್ದರೆ ಬೇಗ ಸಾಯುತ್ತದೆ. ನನ್ನ 26 ವರ್ಷದಲ್ಲಿ ಸೀಟಿನಿಂದ ಅಂಥದ್ದು ಬಂದ ಒಬ್ಬರನ್ನೂ ನೋಡಿಲ್ಲ.

ಸಾರ್ವಜನಿಕ ಶೌಚಾಲಯದಲ್ಲಿ ಕೊಳೆ ಇಲ್ಲ ಅಂತಲ್ಲ. ಇದೆ. ಅದು ಬರುವುದು ಕೈಯ ದಾರಿಯಲ್ಲಿ. ಚಿಲಕ, ಫ್ಲಶ್ಶಿನ ಬಟನ್, ನಲ್ಲಿಯ ಹಿಡಿ. ಅಲ್ಲಿಂದ ಬೆರಳು, ಬೆರಳಿನಿಂದ ಬಾಯಿ, ಆಮೇಲೆ ವಾಂತಿ-ಭೇದಿ. ಅದಕ್ಕೇ ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಿರಿ. ಟೂರ್ ಬಸ್ಸುಗಳಲ್ಲಿ ಬೇಗ ಹರಡುವ ನೋರೋವೈರಸ್‌ಗೆ ಸ್ಯಾನಿಟೈಸರ್ ಸರಿಯಾಗಿ ತಾಗುವುದಿಲ್ಲ, ಸೋಪು ನೀರೇ ಬೇಕು. ಅಲ್ಲಿ ಕೂತು ಮೊಬೈಲ್ ನೋಡುವುದೂ ಬೇಡ. ಕೈ ತೊಳೆಯುತ್ತೇವೆ, ಮೊಬೈಲ್ ತೊಳೆಯುತ್ತೇವಾ?

ಈಗ ನಿಜವಾದ ಕಳ್ಳರು. ಮೊದಲನೆಯದು ನಿಮ್ಮ ಅರ್ಧ ಬಗ್ಗುವಿಕೆ.

ನೆಲದ ಕಕ್ಕಸಿನಲ್ಲಿ ಪೂರ್ತಿ ಕುಕ್ಕರಗಾಲಿನಲ್ಲಿ ಕೂತರೆ ತೊಂದರೆ ಇಲ್ಲ, ಅದು ಒಳ್ಳೆಯ ಭಂಗಿ. ಸೀಟಿನ ಮೇಲೆ ಆರಾಮಾಗಿ ಕೂತರೂ ಒಳ್ಳೆಯದೇ. ಎರಡೂ ಅಲ್ಲದೆ ಮಧ್ಯದಲ್ಲಿ ತೂಗುತ್ತಾ ನಿಲ್ಲುತ್ತೀರಲ್ಲ, ಅದು ಸಮಸ್ಯೆ. ಆಗ ತೊಡೆ, ಸೊಂಟ, ಹೊಟ್ಟೆ ಎಲ್ಲ ಬಿಗಿ. ಮೂತ್ರಕೋಶದ ತಳದಲ್ಲಿ ಒಂದು ಸ್ನಾಯುಗಳ ತೊಟ್ಟಿಲು ಇದೆ. ಅದು ಸಡಿಲ ಆದರೆ ಮಾತ್ರ ಮೂತ್ರ ಪೂರ್ತಿ ಹೋಗುತ್ತದೆ. ಮಂಡಿ ನಡುಗುತ್ತಿರುವಾಗ ಅದು ಹೇಗೆ ಸಡಿಲ ಆಗಬೇಕು? ಅರ್ಧ ಹೋಗುತ್ತದೆ, ಅರ್ಧ ಉಳಿಯುತ್ತದೆ. ಮಳೆಗಾಲದಲ್ಲಿ ತೋಟದಲ್ಲಿ ಬಿದ್ದ ಗೆರಟೆಯನ್ನು ಕವುಚಿ ಹಾಕಿ ಅಂತ ಮಲೇರಿಯಾದವರು ಮನೆಮನೆಗೆ ಬಂದು ಹೇಳುತ್ತಾರಲ್ವಾ? ನಿಂತ ನೀರಿನಲ್ಲಿ ಹುಳ ಆಗುತ್ತದೆ. ಇಲ್ಲೂ ಅದೇ ಲೆಕ್ಕ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಬ್ರಿಟನ್ನಿನ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಹೊರಗಿನ ಶೌಚಾಲಯಗಳಲ್ಲಿ 100ಕ್ಕೆ 85 ಮಂದಿ ಸಾಮಾನ್ಯವಾಗಿ ಸೀಟಿಗೆ ತಾಗದೆ ಬಗ್ಗಿಯೇ ಮುಗಿಸುತ್ತಿದ್ದರು. ಹಾಗೆ ಬಗ್ಗಿದಾಗ ಮೂತ್ರದ ಹರಿವು ಸರಾಸರಿ 21 ಶೇಕಡಾ ಇಳಿದಿತ್ತು. ಒಳಗೆ ಉಳಿದ ಮೂತ್ರ ಎರಡೂವರೆ ಪಟ್ಟಿನ ಹತ್ತಿರ ಆಗಿತ್ತು. ಅಂದರೆ ಬ್ರಹ್ಮಾವರದ ಟೀಚರಿಗೂ ಇಂಗ್ಲೆಂಡಿನ ಹೆಂಗಸಿಗೂ ಒಂದೇ ಹೆದರಿಕೆ. ಇನ್ನೊಂದು ಮಾತು, ಬೇಜಾರು ಮಾಡಬೇಡಿ. ಸೀಟು ಯಾಕೆ ಒದ್ದೆ ಇರುತ್ತದೆ? ನಮ್ಮ ಮೊದಲು ಹೋದವರು ಕೂರದೆ ಬಗ್ಗಿದ್ದಕ್ಕೆ.

ಹಾಗಾದರೆ ಮಾಡುವುದೇನು? ಸೀಟನ್ನು ಪೇಪರಿನಲ್ಲಿ ಒರೆಸಿ. ಬೇಕಾದರೆ ಎರಡು ಪಟ್ಟಿ ಪೇಪರ್ ಹಾಸಿ. ಕೂತುಕೊಳ್ಳಿ. ಸೀಟ್ ಸ್ಪ್ರೇ ಮೆಡಿಕಲ್ಲಿನಲ್ಲಿ ಸಿಗುತ್ತದೆ. ಅದು ಕ್ರಿಮಿಗಿಂತ ಜಾಸ್ತಿ ಮನಸ್ಸಿನ ಕಿರಿಕಿರಿಗೆ ಮದ್ದು. ಆದರೂ ಆ ಮದ್ದಿನಿಂದ ನೀವು ಕೂರುತ್ತೀರಿ ಅಂತಾದರೆ ಧಾರಾಳ ತಗೊಳ್ಳಿ. ಸಿಂಪಡಿಸಿ, ಆರಲಿಕ್ಕೆ ಬಿಡಿ, ಒರೆಸಿ. ಒದ್ದೆ ಇರುವಾಗ ಕೂತರೆ ಚರ್ಮ ಉರಿಯುತ್ತದೆ. ಸೀಟಿನ ಮೇಲೆ ಕಾಲಿಟ್ಟು ಕುಕ್ಕರಗಾಲಿನಲ್ಲಿ ಕೂರುವುದು ಮಾತ್ರ ಬೇಡವೇ ಬೇಡ. ಪಿಂಗಾಣಿ ಒಡೆದರೆ ಚೂರಿಯ ಹಾಗೆ ಕೊಯ್ಯುತ್ತದೆ. ನಿಮ್ಮ ಮಂಡಿಯಂತೂ ಅಷ್ಟು ಹತ್ತಿ ಇಳಿಯಲಿಕ್ಕೆ ಒಪ್ಪುವುದಿಲ್ಲ. ನಿಂತು ಮಾಡುವ ಕೊಳವೆಗಳು ಈಗ ಬಂದಿವೆ. ಹುಡುಗಿಯರು ಟ್ರೆಕ್ಕಿಂಗಿಗೆ ತಗೊಂಡು ಹೋಗುತ್ತಾರೆ. ತಗೊಳ್ಳುವುದಾದರೆ ಮನೆಯ ಬಚ್ಚಲಿನಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ. ಮೊದಲ ಸಲವೇ ಸ್ವಿಟ್ಜರ್ಲೆಂಡಿನಲ್ಲಿ ಬೇಡ, ಕಾಲೆಲ್ಲ ಒದ್ದೆ ಆಗುತ್ತದೆ.

ಎರಡನೇ ಕಳ್ಳ ನೀರು ಬಿಟ್ಟದ್ದು. ಇದು ನಮ್ಮ ಕರಾವಳಿ ಹೆಂಗಸರ ಹಳೇ ಅಭ್ಯಾಸ. ರಾತ್ರಿ ಬೆಂಗಳೂರು ಬಸ್ಸಿಗೆ ಹೊರಟರೆ ಸಂಜೆ ಆರರಿಂದಲೇ ನೀರು ಬಂದ್. ಶಿರಾಡಿ ಘಾಟಿ ದಾಟುವ ತನಕ ಬಸ್ಸು ಎಲ್ಲೂ ನಿಲ್ಲಬಾರದು ಅಂತ ದೇವರಿಗೆ ಹರಕೆ, ನಿಂತರೆ ಇಳಿಯಲಿಕ್ಕೆ ಹೆದರಿಕೆ. ಯಕ್ಷಗಾನದ ಆಟಕ್ಕೆ ಹೋದರೂ ಅಷ್ಟೇ, ಬೆಳಗಿನ ತನಕ ಕಟ್ಟಿಕೊಂಡು ಕೂರುವುದು. ಮಾರನೇ ದಿನ ಉರಿ ಶುರುವಾದರೆ ‘ಉಷ್ಣ ಆಯಿತು’ ಅನ್ನುತ್ತೇವೆ. ನೀರು ಕಮ್ಮಿಯಾಗಿ ಮೂತ್ರ ದಪ್ಪ ಆದರೆ ಸ್ವಲ್ಪ ಉರಿಯುವುದು ಹೌದು, ಎರಡು ಲೋಟ ಬೊಂಡದ ನೀರಿಗೆ ಅದು ಇಳಿಯುವುದೂ ಹೌದು. ಆದರೆ ಜ್ವರ ಬಂದ ಮೇಲೂ ಅದನ್ನು ಉಷ್ಣ ಅಂತ ಕರೆದರೆ ಕಿಡ್ನಿಗೆ ಅನ್ಯಾಯ.

ಮೂತ್ರ ಹರಿಯುವುದೇ ಒಳಗಿನ ಗುಡಿಸುವ ಕೆಲಸ. ಕುಡಿದರೆ ತಾನೇ ಗುಡಿಸುವುದು? ಪದೇ ಪದೇ ಮೂತ್ರದ ಸೋಂಕು ಆಗುವ, ನೀರು ಕಮ್ಮಿ ಕುಡಿಯುವ 140 ಹೆಂಗಸರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಬಂತು. ಅರ್ಧ ಮಂದಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಸಿದರು. ಅವರಲ್ಲಿ ಸೋಂಕು ವರ್ಷಕ್ಕೆ ಸರಾಸರಿ 1.7 ಸಲ ಆಯಿತು. ಕುಡಿಯದವರಲ್ಲಿ 3.2 ಸಲ. ಅವರೆಲ್ಲ ಮುಟ್ಟು ನಿಲ್ಲದ ವಯಸ್ಸಿನವರು, ನಿಮಗಿಂತ ಚಿಕ್ಕವರು. ಆದರೂ ನಾನು ನಿಮಗೆ ಹೇಳುವುದು ಅದನ್ನೇ. ಮೂತ್ರದ ಬಣ್ಣ ತೆಳು ಹಳದಿ ಇರಲಿ. ಚಹಾದ ಬಣ್ಣಕ್ಕೆ ಬಂದರೆ ನೀವು ಹಿಂದೆ ಬಿದ್ದಿದ್ದೀರಿ ಅಂತ ಅರ್ಥ. ಬಾರ್ಲಿ ನೀರು, ಕೊತ್ತಂಬರಿ ನೀರು, ಸಕ್ಕರೆ ಹಾಕದ ಪುನರ್ಪುಳಿ ಯಾವುದಾದರೂ ಆಗಬಹುದು. ಒಳಗೆ ಹೋಗಿ ಕೆಲಸ ಮಾಡುವುದು ನೀರೇ.

ಉಳಿದ ಎರಡು ಕಾರಣ ನಿಮ್ಮ ಮಾತ್ರೆ ಡಬ್ಬಿಯಲ್ಲಿ ಮತ್ತು ವಯಸ್ಸಿನಲ್ಲಿ ಇವೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನೀವು ತಗೊಳ್ಳುತ್ತೀರಾ ನೋಡಿ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆಗಳೇ. ಆದರೆ ಮೂತ್ರ ಜಾಸ್ತಿ ಬರಿಸುತ್ತವೆ, ಕೆಳಗೆ ಫಂಗಸ್ ತುರಿಕೆಯೂ ಆಗಬಹುದು. ಬಿಪಿ ಮಾತ್ರೆಯಲ್ಲಿ ಮೂತ್ರ ಇಳಿಸುವ ಅಂಶ ಸೇರಿದ್ದರೆ ತಗೊಂಡ ಕೆಲವು ಗಂಟೆ ಓಡಾಟ ತಪ್ಪಿದ್ದಲ್ಲ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ‘ಬಸ್ಸಿನ ದಿನ ಇದನ್ನು ಯಾವ ಹೊತ್ತಿಗೆ ತಗೊಳ್ಳಲಿ?’ ಅಂತ ನಿಮ್ಮ ಫಿಸಿಷಿಯನ್ ಹತ್ತಿರ ಕೇಳಿ. ಇಷ್ಟು ಸಣ್ಣ ಪ್ರಶ್ನೆ ಯಾರೂ ಕೇಳುವುದಿಲ್ಲ. ಹೊತ್ತು ಸ್ವಲ್ಪ ಬದಲಿಸಿದರೆ ಇಡೀ ದಿನ ಸಲೀಸಾಗುವುದನ್ನು ನಾನು ನೋಡಿದ್ದೇನೆ.

ವಯಸ್ಸಿನದ್ದು ಹೀಗೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ. ಕೆಳಗಿನ ಚರ್ಮ ತೆಳುವಾಗುತ್ತದೆ, ಒಣಗುತ್ತದೆ. ಕಾವಲಿಗಿದ್ದ ಒಳ್ಳೆಯ ಕ್ರಿಮಿಗಳು ಕಮ್ಮಿಯಾಗುತ್ತವೆ. ಪದೇ ಪದೇ ಸೋಂಕು ಆಗುವವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಒಳ್ಳೆಯ ಕೆಲಸ ಮಾಡುತ್ತದೆ. ಗುಣ ಕಾಣಲಿಕ್ಕೆ ಕೆಲವು ವಾರ ಬೇಕು. ಹಾಗಾಗಿ ಸೆಪ್ಟೆಂಬರಿಗೆ ಕಾಯದೆ ಈಗಲೇ ಡಾಕ್ಟರಿಗೆ ತೋರಿಸಿ. ಸ್ತನದ ಕ್ಯಾನ್ಸರ್ ಆಗಿದ್ದವರು, ಕಾರಣ ಗೊತ್ತಿಲ್ಲದೆ ರಕ್ತ ಹೋಗುವವರು ಅದನ್ನು ಮೊದಲೇ ಹೇಳಬೇಕು. ಪರಿಮಳದ ಲಿಕ್ವಿಡ್ ವಾಶ್‌ಗಳು ಬೇಡ, ಅವು ಇದ್ದ ಕಾವಲನ್ನೂ ತೊಳೆದುಬಿಡುತ್ತವೆ.

ಅದೇ ದಿನ ಮೂರು ತಿಂಗಳ ಶುಗರಿನ ಟೆಸ್ಟ್, ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ. ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಒಂದು ಸ್ಕ್ಯಾನ್ ಮಾಡಿಸಿದರೆ ಇನ್ನೂ ಒಳ್ಳೆಯದು. ಸುಮ್ನೆ ಧೈರ್ಯಕ್ಕೆ ಅಂತ ಮೂತ್ರದ ಕಲ್ಚರ್ ಮಾಡಿಸಬೇಡಿ. ಉರಿ, ಜ್ವರ ಏನೂ ಇಲ್ಲದಿದ್ದರೂ ಈ ವಯಸ್ಸಿನಲ್ಲಿ ಕ್ರಿಮಿ ಕಾಣಿಸಬಹುದು. ಅದಕ್ಕೆ ಆಂಟಿಬಯೋಟಿಕ್ ಬೇಡ. ರಿಪೋರ್ಟ್ ನೋಡಿ ಹೆದರಿ ಮಾತ್ರೆ ನುಂಗಿದರೆ, ನಿಜವಾಗಿ ಬೇಕಾದ ದಿನ ಆ ಮಾತ್ರೆ ತಾಗದೆ ಹೋಗಬಹುದು.

ಇನ್ನು ಪ್ರಯಾಣ. ಬಜಪೆಯಲ್ಲಿ ವಿಮಾನ ಹತ್ತುವಾಗಲೇ ಕಾರಿಡಾರಿನ ಬದಿಯ ಸೀಟು ಕೇಳಿ. ಕಿಟಕಿಯಲ್ಲಿ ಕೂತರೆ ಇಬ್ಬರನ್ನು ಎಬ್ಬಿಸಬೇಕು, ಅದಕ್ಕೆ ನಾಚಿ ನೀವು ಕಟ್ಟಿಕೊಂಡೇ ಕೂರುತ್ತೀರಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಅಂದರೆ ಒಂಬತ್ತು ಹತ್ತು ಗಂಟೆ. ವಿಮಾನದೊಳಗಿನ ಗಾಳಿ ನಮ್ಮ ಊರಿನ ಬೆವರು ಗಾಳಿಯ ಹಾಗಲ್ಲ, ತೇವ ಸಾಮಾನ್ಯವಾಗಿ 20 ಶೇಕಡಾಕ್ಕಿಂತ ಕಮ್ಮಿ. ನೀರು ಬಿಟ್ಟು ಅಲ್ಲಾಡದೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಟಾಯ್ಲೆಟ್ಟಿಗೆ ಅಂತ ಎದ್ದರೆ ಕಾಲಿಗೂ ಒಳ್ಳೆಯದು. ಅಲ್ಲಿ ಫ್ಲಶ್ ಗಾಳಿಯಲ್ಲಿ ಎಳೆಯುತ್ತದೆ, ಗುಡುಗಿದ ಹಾಗೆ ಶಬ್ದ. ಎದ್ದು, ಬಟ್ಟೆ ಸರಿ ಮಾಡಿ, ಮುಚ್ಚಳ ಹಾಕಿ ಒತ್ತಿ. ಊಟದ ಟ್ರೇ ಬರುವ ಮೊದಲೇ ಹೋಗಿ ಬಂದರೆ ಕ್ಯೂ ಇರುವುದಿಲ್ಲ.

ಬಟ್ಟೆಯ ವಿಷಯವೂ ಹೇಳಬೇಕು. ಅಷ್ಟು ಇಕ್ಕಟ್ಟಿನಲ್ಲಿ ಚೂಡಿದಾರದ ಲಾಡಿ ಗಂಟು ಬಿದ್ದರೆ ದೇವರೇ ಗತಿ. ಇಲಾಸ್ಟಿಕ್ ಪ್ಯಾಂಟ್, ಮಂಡಿ ತನಕದ ಕುರ್ತಾ ಒಳ್ಳೆಯದು. ಸೀರೆಯೇ ಬೇಕು ಅಂತಾದರೆ, ಒಳಗೆ ಹೋಗುವ ಮೊದಲೇ ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ಹೋದ ಮೇಲೆ ನೆರಿಗೆಯನ್ನು ಲಂಗದ ಜತೆ ಮುಂದಿನಿಂದ ಒಟ್ಟಿಗೆ ಎತ್ತಿ ಹಿಡಿಯಿರಿ. ಬ್ಯಾಗನ್ನು ನೆಲಕ್ಕೆ ಇಡಬೇಡಿ. ಬಾಗಿಲ ಹಿಂದೆ ಕೊಕ್ಕೆ ಇಲ್ಲದ ಕಡೆಗೆ ಅಂತ ಕುತ್ತಿಗೆಗೆ ಹಾಕುವ ಸಣ್ಣ ಚೀಲ ಇರಲಿ.

ಈಗ ಚೆಂಬು. ಜರ್ಮನಿಯ ಮನೆಗಳಲ್ಲಿ ಬಾತ್‌ರೂಮಿನ ನೆಲಕ್ಕೆ ನಮ್ಮ ಹಾಗೆ ನೀರು ಹೋಗುವ ತೂತು ಹೆಚ್ಚಾಗಿ ಇರುವುದಿಲ್ಲ. ಶವರ್ ಜಾಗ ಬಿಟ್ಟರೆ ಉಳಿದದ್ದು ಒಣ ನೆಲ. ಅಭ್ಯಾಸಬಲದಲ್ಲಿ ಧಬಧಬ ಸುರಿದರೆ ನೀರು ಅಲ್ಲೇ ನಿಲ್ಲುತ್ತದೆ, ಕೆಳಗಿನ ಮನೆಯವರ ತಾರಸಿಯಲ್ಲಿ ಕಲೆ ಕಾಣಿಸುತ್ತದೆ, ಮಗಳಿಗೆ ಮನೆ ಮಾಲೀಕರ ಫೋನ್ ಬರುತ್ತದೆ. ಕೂತಲ್ಲೇ ಸ್ವಲ್ಪ ಹಿಂದೆ ಸರಿದು ನಿಧಾನ ಹೊಯ್ದುಕೊಂಡರೆ ಎಲ್ಲ ಒಳಗೇ ಬೀಳುತ್ತದೆ. ಚೆಂಬಿಗಿಂತ ಸಲೀಸು ಬಾಗಿದ ಮೂತಿಯ, ಒತ್ತಿದರೆ ನೀರು ಚಿಮ್ಮುವ ಪ್ಲಾಸ್ಟಿಕ್ ಬಾಟಲಿ. ಆನ್‌ಲೈನಿನಲ್ಲಿ ಸಿಗುತ್ತದೆ. ವಿಮಾನದ ಸೆಕ್ಯುರಿಟಿಯಲ್ಲಿ 100 ಎಂಎಲ್ ಮೇಲಿನ ನೀರು ಬಿಡುವುದಿಲ್ಲ, ಖಾಲಿ ಬಾಟಲಿ ಬಿಡುತ್ತಾರೆ. ಒಳಗೆ ಹೋದ ಮೇಲೆ ನಲ್ಲಿಯಲ್ಲಿ ತುಂಬಿಸಿಕೊಳ್ಳಿ. ಹೊರಗಿನ ಶೌಚಾಲಯಗಳಲ್ಲಿ ಕೈ ತೊಳೆಯುವ ನಲ್ಲಿ ಬಾಗಿಲ ಹೊರಗೆ ಇರುತ್ತದೆ. ಹಾಗಾಗಿ ಒಳಗೆ ಹೋಗುವ ಮೊದಲೇ ತುಂಬಿಸಬೇಕು. ನಾನಂತೂ ಹಾಗೆ ಕ್ಯೂನಲ್ಲಿ ಬಾಟಲಿ ಹಿಡಿದು ನಿಂತಿದ್ದೇನೆ. ಯಾರೂ ತಿರುಗಿ ನೋಡಲಿಲ್ಲ, ಕುಡಿಯುವ ನೀರು ಅಂದುಕೊಂಡಿರಬೇಕು.

ಬಾಟಲಿ ಇಲ್ಲದ ದಿನ ಟಾಯ್ಲೆಟ್ ಪೇಪರನ್ನೇ ಸ್ವಲ್ಪ ಒದ್ದೆ ಮಾಡಿ ಒರೆಸಿ, ಆಮೇಲೆ ಒಣ ಪೇಪರ್. ಬರೀ ಕಾಗದದಿಂದ ಸೋಂಕು ಆಗುತ್ತದೆ ಅನ್ನುವುದು ಸುಳ್ಳು. ಅಲ್ಲಿಯ ಹೆಂಗಸರು ಜೀವನಪೂರ್ತಿ ಅದರಲ್ಲೇ ಇದ್ದಾರೆ. ಲೆಕ್ಕಕ್ಕೆ ಬರುವುದು ದಿಕ್ಕು. ಕಾಗದ ಆದರೂ ನೀರು ಆದರೂ ಮುಂದಿನಿಂದ ಹಿಂದಕ್ಕೆ. ನಮ್ಮಲ್ಲಿ ಎಷ್ಟೋ ಮಂದಿ ಕೈಯನ್ನು ಮುಂದಿನಿಂದ ಒಳಗೆ ಹಾಕಿ, ಹಿಂದಿನದ್ದನ್ನು ಮುಂದಕ್ಕೆ ಎಳೆದು ತೊಳೆಯುತ್ತಾರೆ. ಇ. ಕೋಲೈಗೆ ಅದು ಬಿಟ್ಟಿ ಆಟೋ ಸವಾರಿ. ನೀರು ಮುಂದಿನಿಂದ ಬೀಳಲಿ, ಕೈ ಹಿಂದಿನಿಂದ ಬರಲಿ. ತೊಳೆದ ಮೇಲೆ ಒರೆಸಿ ಒಣಗಿಸಿ. ಟಾಯ್ಲೆಟ್ ಪೇಪರನ್ನು ನೀವು ಹೋಗುವ ನಾಲ್ಕೂ ದೇಶಗಳಲ್ಲಿ ಫ್ಲಶ್ ಮಾಡಬಹುದು. ವೆಟ್ ವೈಪ್ಸ್, ಪ್ಯಾಡ್ ಮಾತ್ರ ಬುಟ್ಟಿಗೇ, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ.

ದುಡ್ಡಿನ ವಿಷಯ ನಿಜ. ಹೆದ್ದಾರಿ ಬದಿಯ ದೊಡ್ಡ ಜಾಗಗಳಲ್ಲಿ, ರೈಲ್ವೇ ಸ್ಟೇಷನ್ನುಗಳಲ್ಲಿ ಮೆಟ್ರೋ ತರಹದ ಗೇಟು ಇರುತ್ತದೆ. ಜರ್ಮನಿಯ ಹೆದ್ದಾರಿಗಳಲ್ಲಿ ಸಾನಿಫೇರ್ ಅಂತ ಬೋರ್ಡ್ ಕಾಣುತ್ತದೆ. 2022ರಿಂದ ಅಲ್ಲಿ ಒಂದು ಯೂರೋ. ಅಷ್ಟೇ ಬೆಲೆಯ ಕೂಪನ್ ಕೊಡುತ್ತಾರೆ, ಅಲ್ಲಿಯ ಅಂಗಡಿಯಲ್ಲಿ ಸಾಮಾನು ತಗೊಳ್ಳುವಾಗ ಮುರಿದುಕೊಳ್ಳಬಹುದು. ವೆನಿಸ್‌ನಲ್ಲಿ ಒಂದೂವರೆ ಯೂರೋ. ‘ಮೂತ್ರಕ್ಕೆ ನೂರು ರೂಪಾಯಿಯಾ ಮಾರಾಯ್ರೇ’ ಅಂತ ಲೆಕ್ಕ ಹಾಕಬೇಡಿ. ಆ ನೂರು ಉಳಿಸಲಿಕ್ಕೆ ಹೋಗಿ ಕಟ್ಟಿಕೊಂಡವರೇ ಆಮೇಲೆ ನನ್ನ ಕ್ಲಿನಿಕ್ಕಿಗೆ ಬರುವುದು. ಒಂದು ಯೂರೋ, ಅರ್ಧ ಯೂರೋ ನಾಣ್ಯಗಳನ್ನು ಬೇರೆಯೇ ಇಡಿ. ಮನೆಯಲ್ಲಿ ಹಳೇ ಎಲೆಅಡಿಕೆ ಸಂಚಿ ಇದ್ದರೆ ಇದಕ್ಕೆ ಸರಿಯಾಗುತ್ತದೆ. ಸ್ವಿಟ್ಜರ್ಲೆಂಡಿನದ್ದು ಫ್ರಾಂಕ್, ಯೂರೋ ಅಲ್ಲ. ಅಲ್ಲಿಗೆ ಮಗಳ ಹತ್ತಿರ ಒಂದು ಕಾರ್ಡ್ ಇಸ್ಕೊಳ್ಳಿ. ಇಟಲಿಯಲ್ಲಿ ಯಾವುದಾದರೂ ಕಾಫಿ ಅಂಗಡಿಗೆ ಹೋಗಿ, ಒಂದು ಕಾಫಿ ಕುಡಿದು ಅವರದ್ದನ್ನೇ ಬಳಸಿ.

ಪ್ಯಾರಿಸ್ಸಿನ ರಸ್ತೆ ಬದಿಯಲ್ಲಿ ತಾನೇ ತೊಳೆದುಕೊಳ್ಳುವ ಕೋಣೆಗಳಿವೆ. 2006ರಿಂದ ದುಡ್ಡಿಲ್ಲ. ಒಂದೇ ಎಚ್ಚರ. ಮೊದಲಿನವರು ಹೊರಗೆ ಬಂದ ಕೂಡಲೇ ಬಾಗಿಲು ಹಿಡಿದು ಒಳಗೆ ನುಗ್ಗಬೇಡಿ. ಬಾಗಿಲು ಮುಚ್ಚಿ, ಅದು ತೊಳೆದುಕೊಂಡು, ಹಸಿರು ದೀಪ ಬಂದ ಮೇಲೆ ಹೋಗಿ. ಇಲ್ಲದಿದ್ದರೆ ಸೀಟಿನ ಜತೆ ನಿಮಗೂ ಅಭಿಷೇಕ.

ಬೋರ್ಡುಗಳಲ್ಲಿ ಮೋಸ ಹೋಗುವ ಎರಡು ಕಡೆ ಇವೆ. ಜರ್ಮನ್‌ನಲ್ಲಿ ಡಿ ಅಕ್ಷರದ ‘ಡಾಮೆನ್’ ನಮ್ಮದು. ಎಚ್ ಅಕ್ಷರದ ‘ಹೆರೆನ್’ ಗಂಡಸರದ್ದು. ಇಂಗ್ಲಿಷ್ ಬಲ್ಲವರು ಮೊದಲ ಮೂರು ಅಕ್ಷರ ನೋಡಿ ‘ಹರ್’ ಅಂತ ಓದಿ ಸೀದಾ ಗಂಡಸರ ಕಡೆ ಹೋಗುವುದುಂಟು. ಇಟಲಿಯಲ್ಲಿ ಸಿನ್ಯೋರೆ, ಸಿನ್ಯೋರಿ ಅಂತ ಎರಡು ಬಾಗಿಲು ಅಕ್ಕಪಕ್ಕ ಇದ್ದರೆ, ಕೊನೆಗೆ ಇಂಗ್ಲಿಷಿನ ‘ಇ’ ಇರುವುದು ಹೆಂಗಸರದ್ದು, ‘ಐ’ ಇರುವುದು ಗಂಡಸರದ್ದು. ಕಾಪಿ ತಿದ್ದಿದ ಟೀಚರಿಗೆ ಇದು ಸುಲಭ.

ಫ್ಲಶ್ಶನ್ನು ಹುಡುಕುವುದು ಒಂದು ದೊಡ್ಡ ಆಟ. ಗೋಡೆಯ ದೊಡ್ಡ ಪಟ್ಟಿ, ನೆಲದ ಪೆಡಲ್, ಕೈ ಆಡಿಸುವ ಸೆನ್ಸರ್, ಎಲ್ಲ ಇರುತ್ತವೆ. ಆದರೆ ಇಟಲಿಯ ಹೋಟೆಲ್ ಬಾತ್‌ರೂಮಿನಲ್ಲಿ ಮೇಲಿನಿಂದ ನೇತಾಡುವ ದಾರವನ್ನು ಎಳೆಯಬೇಡಿ. ಅದು ಬಿದ್ದರೆ ಸಹಾಯಕ್ಕೆ ಕರೆಯುವ ಅಲಾರಾಂ. ರೋಮ್‌ನಲ್ಲಿ ಮೊದಲ ರಾತ್ರಿ ನಾನು ಅದನ್ನು ಫ್ಲಶ್ ಅಂತ ಎಳೆದೆ. ಬರಲಿಲ್ಲ ಅಂತ ಇನ್ನೂ ಎರಡು ಸಲ ಎಳೆದೆ. ಐದು ನಿಮಿಷದಲ್ಲಿ ರಿಸೆಪ್ಷನ್ನಿನ ಹುಡುಗ ಏದುಸಿರು ಬಿಡುತ್ತಾ ಬಾಗಿಲು ತಟ್ಟಿದ. ಟವೆಲ್ ಸುತ್ತಿಕೊಂಡು ಬಾಗಿಲ ಸಂದಿಯಿಂದ ‘ಓಕೆ, ಓಕೆ’ ಅಂದೆ. ಅವನೂ ‘ಓಕೆ’ ಅಂದ. ಪಕ್ಕದಲ್ಲೇ ಇನ್ನೊಂದು ಗಿಡ್ಡ ಬೇಸಿನ್ ಇತ್ತು, ಅದು ಬಿಡೆ, ಕೂತು ತೊಳೆದುಕೊಳ್ಳುವುದು. ಇಟಲಿಯ ಮನೆಗಳಲ್ಲಿ ಅದು ಇರಲೇಬೇಕು ಅಂತ 1975ರಿಂದ ಕಾನೂನೇ ಇದೆ. ಯೂರೋಪಿನಲ್ಲಿ ನೀರೇ ಇಲ್ಲ ಅನ್ನುವವರಿಗೆ ಇದನ್ನು ಹೇಳಿ.

ಬಸ್ಸು ನಿಲ್ಲಿಸಿ ಅಂತ ಎಲ್ಲರೆದುರು ಕೂಗುವ ಪ್ರಮೇಯ ಬರಬಾರದು, ಅಲ್ವಾ? ಹಾಗಿದ್ದರೆ ಮೊದಲ ದಿನ ಬೆಳಿಗ್ಗೆಯೇ ಟೂರ್ ಮ್ಯಾನೇಜರನ್ನು ಬದಿಗೆ ಕರೆದು ಹೇಳಿ: ‘ನನಗೆ ಮೂರು ಗಂಟೆಗೊಮ್ಮೆ ಹೋಗಬೇಕಾಗುತ್ತದೆ, ಡಾಕ್ಟರು ಹೇಳಿದ್ದಾರೆ.’ ಡಾಕ್ಟರ ಹೆಸರು ಹೇಳಿದರೆ ಮರ್ಯಾದೆ ಜಾಸ್ತಿ, ನನ್ನನ್ನೇ ಮುಂದಿಡಿ. ಅವರಿಗೆ ಇದು ಹೊಸತಲ್ಲ. ಅಲ್ಲಿಯ ಕಾನೂನು ಪ್ರಕಾರ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಡ್ರೈವರಿಗೆ ಒಟ್ಟು 45 ನಿಮಿಷ ವಿಶ್ರಾಂತಿ ಆಗಿರಲೇಬೇಕು. ಹಾಗಾಗಿ ಬಸ್ಸು ನಿಂತೇ ನಿಲ್ಲುತ್ತದೆ. ನಿಂತಲ್ಲೆಲ್ಲ, ಬಂದಿಲ್ಲ ಅಂದರೂ, ಇಳಿದು ಹೋಗಿ ಬನ್ನಿ. ಮನೆಯಲ್ಲಿ ಹೀಗೆ ಮಾಡಬೇಡಿ, ಸ್ವಲ್ಪ ತುಂಬಿದರೂ ಅವಸರ ಮಾಡುವ ಅಭ್ಯಾಸ ಮೂತ್ರಕೋಶಕ್ಕೆ ಆಗುತ್ತದೆ. ಹತ್ತು ದಿನದ ಟೂರಿಗೆ ಅಡ್ಡಿಯಿಲ್ಲ. ನೀರನ್ನು ಒಟ್ಟಿಗೆ ಗಟಗಟ ಕುಡಿಯುವುದಕ್ಕಿಂತ ಗಂಟೆಗೆ ಅರ್ಧ ಲೋಟದ ಹಾಗೆ ಗುಟುಕರಿಸಿ. ಕಾಫಿ, ಚಹಾವನ್ನು ದೂರದ ಓಟದ ಮೊದಲು ಬಿಡಿ. ಕೆಮ್ಮಿದಾಗ, ಓಡಿದಾಗ ನಾಲ್ಕು ಹನಿ ಜಾರುವುದಾದರೆ ತೆಳು ಪ್ಯಾಡ್ ಹಾಕಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಎರಡಕ್ಕೆ ಕಟ್ಟಿಕೊಳ್ಳುವುದೂ ಇದೇ ಜಾತಿ. ಕುಚ್ಚಲಕ್ಕಿ ಅನ್ನ, ಬಸಳೆ ತಿಂದ ಹೊಟ್ಟೆಗೆ ಬ್ರೆಡ್ಡು ಚೀಸು ಬಿದ್ದರೆ ಮೂರನೇ ದಿನಕ್ಕೆ ಮಲಬದ್ಧತೆ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಇಸಬ್ಗೋಲ್ ಒಂದು ಪ್ಯಾಕೆಟ್ ಇರಲಿ, ಅದಕ್ಕೂ ನೀರು ಬೇಕು.

ಇಷ್ಟೆಲ್ಲ ಮಾಡಿಯೂ ಉರಿ ಶುರುವಾದರೆ? ಯೂರೋಪಿನಲ್ಲಿ ಹೆಚ್ಚಿನ ಕಡೆ ಚೀಟಿ ಇಲ್ಲದೆ ಮೆಡಿಕಲ್ಲಿನಲ್ಲಿ ಆಂಟಿಬಯೋಟಿಕ್ ಕೇಳಿದರೆ ಕೊಡುವುದಿಲ್ಲ. ನಿಮ್ಮ ಹಳೇ ಕತೆ ಗೊತ್ತಿರುವ ಡಾಕ್ಟರು ಒಪ್ಪಿದರೆ, ಒಂದು ಕೋರ್ಸ್ ಬರೆಸಿಕೊಂಡು ಚೀಟಿಯ ಜತೆ ಒಯ್ಯಿರಿ. ಮೂತ್ರಕೋಶದ ಉರಿಗೆ ನಾವು ಸಾಮಾನ್ಯವಾಗಿ ಕೊಡುವುದು ಐದು ದಿನದ ನೈಟ್ರೋಫ್ಯುರಾಂಟಾಯಿನ್, ಇಲ್ಲವೇ 3 ಗ್ರಾಮಿನ ಒಂದೇ ಪೊಟ್ಟಣ ಫಾಸ್ಫೋಮೈಸಿನ್. ಮೊದಲನೆಯದು ಕಿಡ್ನಿ ಸೋತವರಿಗೆ ಆಗುವುದಿಲ್ಲ, ಅದಕ್ಕೇ ಆ ರಕ್ತ ಪರೀಕ್ಷೆ. ಎರಡೂ ಬರೀ ಉರಿಗೆ ಮಾತ್ರ. ಚಳಿಜ್ವರ, ಬೆನ್ನಿನ ಬದಿ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನುಂಗಿ ಕಾಯಬೇಡಿ, ಅದೇ ದಿನ ಡಾಕ್ಟರನ್ನು ಕಾಣಿ. ಜರ್ಮನಿಯಲ್ಲಿ ಕ್ಲಿನಿಕ್ ಮುಚ್ಚಿದ ಹೊತ್ತಿಗೆ 116117 ನಂಬರಿಗೆ ಫೋನ್ ಮಾಡಿದರೆ ಎಲ್ಲಿಗೆ ಹೋಗಬೇಕು ಹೇಳುತ್ತಾರೆ. ಟ್ರಾವೆಲ್ ಇನ್ಶೂರೆನ್ಸ್ ಫಾರ್ಮಿನಲ್ಲಿ ಶುಗರ್ ಇದೆ ಅಂತ ಮುಚ್ಚಿಡದೆ ಬರೆಯಿರಿ.

ಒಂದು ಮನೆಕೆಲಸವೂ ಇದೆ. ಮುಂದಿನ ಸಲ ಉಡುಪಿಗೋ ಮಂಗಳೂರಿಗೋ ಹೋದಾಗ ಯಾವುದಾದರೂ ಮಾಲಿನ ಟಾಯ್ಲೆಟ್ಟಿಗೆ ಹೋಗಿ. ಒರೆಸಿ, ಕೂತು, ಪಾದ ಎರಡೂ ನೆಲಕ್ಕೆ ಊರಿ, ಮೊಣಕೈ ತೊಡೆಯ ಮೇಲೆ ಇಟ್ಟು, ಉಸಿರು ಬಿಡಿ. ಆತುರ ಬೇಡ. ಎರಡು ವರ್ಷದ ಮೇಲೆ ಮೊದಲ ಸಲ ಕೂರುತ್ತಿದ್ದೀರಿ, ಮೈಗೆ ನೆನಪಾಗಲಿಕ್ಕೆ ಒಂದು ನಿಮಿಷ ಬೇಕು.

ಮಗಳ ಹತ್ತಿರ ಬಾಯಿಬಿಟ್ಟು ಕೇಳಲಿಕ್ಕೆ ನಾಚಿಕೆಯಾದರೆ ಈ ಉತ್ತರವನ್ನೇ ಅವಳಿಗೆ ವಾಟ್ಸಾಪ್ ಮಾಡಿ. ಬಾತ್‌ರೂಮಿನ ಒಂದು ಫೋಟೋ ಕಳಿಸು ಅಂತ ಬರೆಯಿರಿ, ನೆಲವೂ ಕಾಣುವ ಹಾಗೆ.